ನಂಜನಗೂಡಿನಿಂದ ಘಟ್ಟಕ್ಕೆ ಮೂರು ದಾರಿ: ಹೊರಡುವ ಮುನ್ನ ತಿಳಿದಿರಲಿ

ಆಲ್ಪ್ಸ್ ಪರ್ವತಗಳ ರಸ್ತೆಯಲ್ಲಿ ಕಾರು ಓಡಿಸುವುದು ವಿದೇಶ ಪ್ರವಾಸ ಕೈಗೊಳ್ಳುವ ಅನೇಕರ ಆಸೆ. ಇಟಲಿಯ ಸ್ಟೆಲ್ವಿಯೊ ಘಟ್ಟದ ರಸ್ತೆ 2,757 ಮೀಟರ್ ಎತ್ತರಕ್ಕೇರುತ್ತದೆ. ಅದರ ಒಂದು ಮಗ್ಗುಲಿನಲ್ಲೇ 48 ಹೇರ್‌ಪಿನ್ ತಿರುವುಗಳಿವೆ. ಚಳಿಗಾಲದಲ್ಲಿ ಹಿಮ ಬಿದ್ದು ಆ ರಸ್ತೆ ಮುಚ್ಚುತ್ತದೆ. ದೇವನೂರಿನಂತಹ ನಂಜನಗೂಡು, ತಿ.ನರಸೀಪುರ ಸೀಮೆಯ ಊರುಗಳವರಿಗೆ ಇಂತಹ ರಸ್ತೆಗಳು ಅರ್ಧ ದಿನದ ಪ್ರಯಾಣದಷ್ಟೇ ದೂರ. ಇಲ್ಲಿಯೂ ರಸ್ತೆ ಮುಚ್ಚುತ್ತದೆ, ಆದರೆ ಪ್ರತಿ ರಾತ್ರಿ, ವನ್ಯಜೀವಿಗಳ ಸಲುವಾಗಿ.

ವಯನಾಡಿನ ದಾರಿ

ಕೊಳ್ಳೇಗಾಲದಿಂದ ತಿ.ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಮೂಲಕ ಕೋಯಿಕ್ಕೋಡ್ ತಲುಪುವ ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ಈ ಸೀಮೆಯ ಮುಖ್ಯ ರಸ್ತೆ. ವಯನಾಡಿನಲ್ಲಿ ಹುಟ್ಟುವ ಕಪಿಲೆ ನಂಜನಗೂಡನ್ನು ದಾಟಿ ತಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ರಸ್ತೆ ಆಕೆಯ ತವರಿನತ್ತ ಸಾಗುತ್ತದೆ. ಲಕ್ಕಿಡಿಯಿಂದ ಆರಂಭವಾಗುವ ತಾಮರಶ್ಶೇರಿ ಘಟ್ಟದಲ್ಲಿ 9 ತಿರುವುಗಳಿವೆ. ಬ್ರಿಟಿಷ್ ಎಂಜಿನಿಯರನಿಗೆ ಈ ದಾರಿ ತೋರಿಸಿ ಅವನಿಂದಲೇ ಹತನಾದ ಕರಿಂತಂಡನ್ ಎಂಬ ಬುಡಕಟ್ಟು ಯುವಕನ ಐತಿಹ್ಯವನ್ನು ಲಕ್ಕಿಡಿಯ ಸರಪಳಿ ಮರ ಇಂದಿಗೂ ನೆನಪಿಸುತ್ತದೆ.

ನೀಲಗಿರಿಯ ದಾರಿ

ಗುಂಡ್ಲುಪೇಟೆಯಲ್ಲಿ ಕವಲೊಡೆಯುವ ಹೆದ್ದಾರಿ 181 ಬಂಡೀಪುರ, ಮುದುಮಲೈ, ಗೂಡಲೂರು ಮೂಲಕ ಊಟಿ ಸೇರುತ್ತದೆ. ತೆಪ್ಪಕಾಡಿನಿಂದ ಮಸಿನಗುಡಿ ಮಾರ್ಗ ಹಿಡಿದರೆ ದೂರ ಕಡಿಮೆ. ಆದರೆ ಕಲ್ಲಟ್ಟಿ ಘಟ್ಟದ ಕಡಿದಾದ 36 ತಿರುವುಗಳನ್ನು ಏರಬೇಕು. ಇಳಿಯುವಾಗ ಸಂಭವಿಸಿದ ಅಪಘಾತಗಳ ಕಾರಣ, ಹೊರಗಿನ ವಾಹನಗಳು ಊಟಿಯಿಂದ ಈ ಘಟ್ಟದಲ್ಲಿ ಇಳಿಯದಂತೆ ನಿರ್ಬಂಧ ವಿಧಿಸಲಾಗಿದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿ ಪ್ರವೇಶಕ್ಕೆ ಇ-ಪಾಸ್ ವ್ಯವಸ್ಥೆ ಜಾರಿಗೆ ಬಂದಿದೆ.

ದಿಂಬಂ ದಾರಿ

ಮೂರನೆಯದು ಚಾಮರಾಜನಗರ, ಪುಣಜನೂರು, ಹಾಸನೂರು ಮೂಲಕ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟ. ಇಲ್ಲಿ 27 ತಿರುವುಗಳಿವೆ. ವರನಟ ರಾಜ್‌ಕುಮಾರ್ ಅವರ ಗಾಜನೂರು ಇರುವ, ಕನ್ನಡಿಗರು ನೆಲೆಸಿರುವ ತಾಳವಾಡಿ ಸೀಮೆಯೂ ಇದೇ ಭಾಗದ್ದು.

ರಾತ್ರಿ ಬಾಗಿಲು

ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷಿದ್ಧ. ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್ ಹಾಗೂ ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ವ್ಯಾಪಾರ, ಚಿಕಿತ್ಸೆಗಳಿಗೆ ಮೈಸೂರನ್ನು ನೆಚ್ಚಿದ ವಯನಾಡಿನ ಜನರು ಇದನ್ನು ವಿರೋಧಿಸುತ್ತ ಬಂದಿದ್ದಾರೆ. ರಾತ್ರಿ ಹೋಗಲೇಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮೂಲಕ ಬಳಸುದಾರಿಯಿದೆ. ದಿಂಬಂ ಘಟ್ಟದಲ್ಲಿಯೂ 2022ರ ಫೆಬ್ರುವರಿಯಿಂದ ರಾತ್ರಿ ನಿರ್ಬಂಧ ಜಾರಿಯಲ್ಲಿದೆ.

ಇಳಿಯುವುದೇ ಕಠಿಣ

ಘಟ್ಟದಲ್ಲಿ ಅಪಾಯ ಹೆಚ್ಚಿರುವುದು ಇಳಿಯುವಾಗ. ಬ್ರೇಕ್ ಒತ್ತಿ ಹಿಡಿದೇ ಸಾಗಿದರೆ ಘರ್ಷಣೆಯಿಂದ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ದ್ರವ ಕುದಿದರೆ ಪೆಡಲ್ ಒತ್ತಿದರೂ ವಾಹನ ನಿಲ್ಲದು. ಆದ್ದರಿಂದ ಇಳಿಜಾರಿನಲ್ಲಿ ಮೊದಲ ಅಥವಾ ಎರಡನೇ ಗೇರಿನಲ್ಲಿ ಸಾಗಬೇಕು. ಆಗ ಎಂಜಿನ್ನೇ ವೇಗವನ್ನು ತಡೆಯುತ್ತದೆ. ಇಂಧನ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದು ಪ್ರಾಣಕ್ಕೆ ಎರವಾದೀತು. ಕಿರಿದಾದ ಕಡೆ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಏರಿನಲ್ಲಿ ಒಮ್ಮೆ ನಿಂತ ಲಾರಿಯನ್ನು ಮತ್ತೆ ಹೊರಡಿಸುವುದು ಕಷ್ಟ.

ಮಳೆಗಾಲದಲ್ಲಿ ಮಣ್ಣು ಕುಸಿತ, ಮಂಜು ಎರಡೂ ಕಾಡುವುದರಿಂದ ಹೊರಡುವ ಮುನ್ನ ರಸ್ತೆಯ ಸ್ಥಿತಿ ವಿಚಾರಿಸುವುದು ಒಳಿತು. ಮರಳುವಾಗ ರಾತ್ರಿ 9ಕ್ಕೆ ಸಾಕಷ್ಟು ಮೊದಲೇ ತಪಾಸಣಾ ಠಾಣೆ ತಲುಪುವಂತೆ ಸಮಯ ಹೊಂದಿಸಿಕೊಳ್ಳಬೇಕು. ಬಾಗಿಲು ಮುಚ್ಚುವ ಆತುರದಲ್ಲಿ ಕಾಡಿನ ನಡುವೆ ವೇಗವಾಗಿ ಓಡಿಸಿದರೆ, ರಾತ್ರಿ ನಿಷೇಧದಿಂದ ಉಳಿಯಬೇಕಾದ ಜೀವಗಳು ಸಂಜೆಯೇ ಬಲಿಯಾಗುತ್ತವೆ.