ಉಪ್ಪಾಗೆ ವಹಿವಾಟು: ಅರಣ್ಯವಾಸಿಗಳ ಹಕ್ಕು, ವರ್ತಕರ ಹೊಣೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಕಿರು ಅರಣ್ಯ ಉತ್ಪನ್ನಗಳ ಪೈಕಿ ಉಪ್ಪಾಗೆಯ ಕಥೆ ವರ್ತಕರು ತಿಳಿದಿರಬೇಕಾದದ್ದು. ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುವುದೂ ಬೀಜದಿಂದ ತುಪ್ಪ ತೆಗೆಯುವುದೂ ಮಲೆನಾಡಿನ ಹಳೆಯ ರೂಢಿ. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ ಅವರು ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಗುರುತಿಸಿದರು. ಅದು ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ವಿದೇಶಿ ಬೇಡಿಕೆ ಏರಿತು. (1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಂಥ ಗುಣ ಕಂಡುಬರಲಿಲ್ಲ, ಬೇಡಿಕೆ ಮಾತ್ರ ನಿಲ್ಲಲಿಲ್ಲ.) ಆಮ್ಲದ ಲವಣಗಳಿಗೆ ಅಮೆರಿಕದಲ್ಲಿ ಪೇಟೆಂಟ್‌ಗಳು ದೊರೆತವು. ಇತ್ತ ಘಟ್ಟದಲ್ಲಿ ಪೈಪೋಟಿ ಹೆಚ್ಚಿ ಬಲಿಯದ ಕಾಯಿ ಕೀಳುವುದು, ಕೊಂಬೆ ಕಡಿಯುವುದು ನಡೆಯಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಸುಟ್ಟ ಸೌದೆಯ ನಷ್ಟ ಬೇರೆ.

ಆಗ ಸಂಗ್ರಾಹಕರಿಗೆ ದಕ್ಕಿದ್ದು ಕೂಲಿಯಂಥ ಬೆಲೆ. ಪಾಲು ಕೇಳಲು ಕಾನೂನೇ ಇರಲಿಲ್ಲ.

ಇಂದು ಸ್ಥಿತಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯು ಹಸಲರು, ಗೌಡಲು, ಮಲೆಕುಡಿಯ ಮೊದಲಾದ ಪರಿಶಿಷ್ಟ ಪಂಗಡದ ಅರಣ್ಯವಾಸಿಗಳಿಗೂ, ಮೂರು ತಲೆಮಾರಿನಿಂದ ಕಾಡನ್ನು ಆಶ್ರಯಿಸಿದ ಇತರರಿಗೂ ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು, ಅವುಗಳನ್ನು ಮಾರುವ ಹಕ್ಕನ್ನು ಮಾನ್ಯ ಮಾಡುತ್ತದೆ. ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಬೌದ್ಧಿಕ ಹಕ್ಕನ್ನೂ ಅದೇ ಕಾಯ್ದೆ ಒಪ್ಪುತ್ತದೆ. 2012ರ ತಿದ್ದುಪಡಿ ನಿಯಮಗಳಂತೆ ಸಾಗಾಣಿಕೆ ಪರವಾನಗಿ ಗ್ರಾಮಸಭೆಯ ಸಮಿತಿಯಿಂದ ದೊರೆಯಬೇಕು. ಆದುದರಿಂದ ಹಕ್ಕು ಮಾನ್ಯವಾದ ಕಡೆ ಸಂಗ್ರಾಹಕನು ಕೂಲಿಯಾಳಲ್ಲ, ಮಾಲಿನ ಒಡೆಯ. ಖರೀದಿ ಪುಸ್ತಕದಲ್ಲಿ ಆತನ ಹೆಸರು ಇರಬೇಕಾದದ್ದೂ ಒಡೆಯನಾಗಿಯೇ.

ಎರಡನೆಯದು 2002ರ ಜೀವವೈವಿಧ್ಯ ಕಾಯ್ದೆ. ಜೈವಿಕ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವ ದೇಶೀಯ ಉದ್ಯಮವೂ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಲಾಭಾಂಶ ಹಂಚಿಕೆ ವಿದೇಶಿ ಕಂಪೆನಿಗಳಿಗೆ ಮಾತ್ರ ಎಂಬ ವಾದವನ್ನು ಉತ್ತರಾಖಂಡ ಹೈಕೋರ್ಟ್ ದಿವ್ಯ ಫಾರ್ಮಸಿ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. 2025ರ ಏಪ್ರಿಲ್‌ನ ನಿಯಮಾವಳಿಯಂತೆ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದವರಿಗೆ ಹಂಚಿಕೆಯ ಹೊರೆಯಿಲ್ಲ; 5ರಿಂದ 50 ಕೋಟಿಯವರೆಗೆ ಶೇ 0.2. ಸಣ್ಣ ಘಟಕಗಳು ಇದಕ್ಕೆ ಅಂಜಬೇಕಾದುದಿಲ್ಲ.

ಅಂಜಬೇಕಾದದ್ದು ದಾಖಲೆಯಿಲ್ಲದ ಮಾಲಿಗೆ. 2023ರ ತಿದ್ದುಪಡಿಯು ಬೆಳೆಸಿದ ಔಷಧಿ ಸಸ್ಯಗಳಿಗೆ ವಿನಾಯಿತಿ ನೀಡಿದೆ. ಅದನ್ನು ಪಡೆಯಲು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲ ಪ್ರಮಾಣಪತ್ರ ಬೇಕು. ತೋಟದ ಬೇಲಿಯ ಉಪ್ಪಾಗೆಯೂ ಕಾಡಿನ ಉಪ್ಪಾಗೆಯೂ ಒಂದೇ ಚೀಲಕ್ಕೆ ಬಿದ್ದರೆ ಬೇರ್ಪಡಿಸುವುದು ಅಸಾಧ್ಯ. ಸಾಮಾನ್ಯ ಸರಕುಗಳೆಂದು ಕೇಂದ್ರವು ಪಟ್ಟಿ ಮಾಡಿದವುಗಳಿಗೆ ಸರಕಾಗಿಯೇ ಮಾರುವಾಗ ಮಾತ್ರ ರಿಯಾಯಿತಿ. ಸಾರ ತೆಗೆದು ಔಷಧಿ ಮಾಡುವವರಿಗೆ ಅದು ರಕ್ಷಣೆಯಾಗದು. ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ರಕ್ಷಿತ ಪ್ರದೇಶಗಳಿಗೆ ವನ್ಯಜೀವಿ ಕಾಯ್ದೆಯ ನಿರ್ಬಂಧಗಳೂ ಅನ್ವಯಿಸುತ್ತವೆ.

ಅದೇ 2023ರ ತಿದ್ದುಪಡಿಯು ಸೆರೆವಾಸವನ್ನು ತೆಗೆದು 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ದಂಡವನ್ನು ಗೊತ್ತುಪಡಿಸಿದೆ. ಉಲ್ಲಂಘನೆ ಮುಂದುವರಿದರೆ 1 ಕೋಟಿಯವರೆಗೆ ಹೆಚ್ಚುವರಿ ದಂಡ ವಿಧಿಸಬಹುದು.