ನೂಲಿಗೆ ಒಂದು ಹೆಜ್ಜೆ ಮೊದಲು

ಒಂದು ಬೇಲ್ ಎಂದರೆ 170 ಕಿಲೋ ಹತ್ತಿ. ಜಿನ್ನಿನಲ್ಲಿ ಬೀಜ ಕಳಚಿ, ಪ್ರೆಸ್ಸಿನಲ್ಲಿ ಒತ್ತಿ, ಪಟ್ಟಿ ಬಿಗಿದು ಕಳಿಸಿದ ಈ ಅರಳೆ ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಚಿತ್ರದುರ್ಗದ ಕೇಂದ್ರೀಯ ಸ್ಲೈವರ್ ಘಟಕದಲ್ಲಿ ಕೆಲಸ ಶುರುವಾಗುವುದು ಆ ಪಟ್ಟಿ ಕತ್ತರಿಸುವಲ್ಲಿಂದ. ಕತ್ತರಿಸಿದೊಡನೆ ಬೇಲು ಉಸಿರು ಬಿಟ್ಟಂತೆ ಮೆಲ್ಲಗೆ ಉಬ್ಬುತ್ತದೆ.

ಕೋಟೆ ನೋಡಲು ದುರ್ಗಕ್ಕೆ ಬರುವವರು ಈ ಕಡೆ ತಿರುಗುವುದಿಲ್ಲ. ಖಾದಿ ತೊಡುವವರಿಗೂ ಇದರ ಹೆಸರು ಅಷ್ಟಾಗಿ ಗೊತ್ತಿಲ್ಲ. ರಾಟೆ ಎಲ್ಲರಿಗೂ ಗೊತ್ತು, ಮಗ್ಗವೂ ಗೊತ್ತು. ರಾಟೆಯ ಮುಂದೆ ಕೂತ ಹೆಣ್ಣುಮಗಳ ಕೈಗೆ ಹಂಜಿ, ಅಂದರೆ ಸ್ಲೈವರ್, ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಬರುವುದು ಇಂಥ ಘಟಕಗಳಿಂದ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೇ ಇವನ್ನು ನಡೆಸುತ್ತದೆ. ಕೇರಳದ ಕುಟ್ಟೂರಿನಲ್ಲಿ ಒಂದಿದೆ, ಮಧ್ಯಪ್ರದೇಶದ ಸೆಹೋರಿನಲ್ಲಿ, ಉತ್ತರ ಪ್ರದೇಶದ ರಾಯ್‌ಬರೇಲಿಯಲ್ಲಿ ಕೂಡ ಇವೆ. ನಮ್ಮ ರಾಜ್ಯದ್ದು ಚಿತ್ರದುರ್ಗದಲ್ಲಿದೆ.

ಮೊದಲ ಮನೆ ಬ್ಲೋ ರೂಮ್. ಮುಳ್ಳುಪಟ್ಟಿಗಳು ಅರಳೆಯನ್ನು ಎಳೆದುಕೊಂಡು ಹೋಗಿ ಹೊಡೆಯುತ್ತವೆ, ಗಾಳಿ ಅದನ್ನು ಹೀರಿಕೊಂಡು ಮುಂದಕ್ಕೆ ತಳ್ಳುತ್ತದೆ. ಎಲೆಚೂರು, ಒಡೆದ ಬೀಜ, ಹೊಲದ ಮಣ್ಣು ಕೆಳಗೆ ಉದುರುತ್ತವೆ. ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಗಾಳಿಯಲ್ಲೆಲ್ಲ ಹತ್ತಿಯ ಸುಂಕು. ಒಂದೇ ಹೊಲದ ಹತ್ತಿ ಎಂದು ಇಲ್ಲಿ ಯಾವುದೂ ಇಲ್ಲ. ಬೇರೆ ಬೇರೆ ಬೇಲುಗಳಿಂದ ಇಷ್ಟಿಷ್ಟು ತೆಗೆದು ಬೆರೆಸುತ್ತಾರೆ. ದಪ್ಪ ನೂಲಿಗೆ ಗಿಡ್ಡ ಎಳೆಯ ಹತ್ತಿ ಸಾಕು, ಸಣ್ಣ ನೂಲಿಗೆ ಉದ್ದ ಎಳೆ ಬೇಕು. ಆ ಲೆಕ್ಕ ಇಲ್ಲಿ ತಪ್ಪಿದರೆ ಮುಂದೆ ಯಾವ ಯಂತ್ರವೂ ಸರಿಪಡಿಸಲಾರದು.

ಹತ್ತಿಯ ಎಳೆಯನ್ನು ಅಳೆಯುವ ಯಂತ್ರಗಳು ಬಂದು ಎಷ್ಟೋ ವರ್ಷವಾಯಿತು. ಆದರೂ ಹಳಬರು ಚಿಟಿಕೆ ಅರಳೆಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆದೆಳೆದು ಜೋಡಿಸುತ್ತಾರೆ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಂದ ಮೇಲೆ ಕಪ್ಪು ಬಟ್ಟೆಯ ಮೇಲಿಟ್ಟು ನೋಡುತ್ತಾರೆ. ಉದ್ದ ಎಷ್ಟು, ಗಿಡ್ಡ ಎಳೆ ಎಷ್ಟು ಸೇರಿದೆ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ. ನಾನು ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆ. ನಮ್ಮ ಹತ್ತಿ ಸೀಮೆಯ ಸಂತೆಗಳಲ್ಲಿ ತಲೆಮಾರುಗಳ ಕಾಲ ದರ ನಿಂತದ್ದೇ ಈ ಬೆರಳುಗಳ ತೀರ್ಪಿನ ಮೇಲೆ.

ಆಮೇಲೆ ಕಾರ್ಡಿಂಗ್. ಹಿಂಜುವ ಕೆಲಸ. ಮೈತುಂಬ ಸೂಜಿತಂತಿ ಸುತ್ತಿಕೊಂಡ ದೊಡ್ಡ ಉರುಳೆ ತಿರುಗುತ್ತದೆ, ಅದರ ಬೆನ್ನಿಗೆ ಹಲ್ಲಿನ ಪಟ್ಟಿಗಳು. ಎರಡರ ನಡುವೆ ಸಿಕ್ಕ ಅರಳೆ ಎಳೆ ಎಳೆಯಾಗಿ ಬಿಡಿಸಿಕೊಂಡು ತೆಳ್ಳನೆಯ ಪರದೆಯಾಗಿ ಹೊರಬರುತ್ತದೆ, ಒಂದು ಕಿಂಡಿಯಲ್ಲಿ ನುಸುಳಿ ಹಗ್ಗದಷ್ಟು ದಪ್ಪದ ಹಂಜಿಯಾಗಿ ಡಬ್ಬದೊಳಗೆ ಸುರುಳಿ ಸುರುಳಿಯಾಗಿ ಇಳಿಯುತ್ತದೆ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಸ್ವಲ್ಪ ಎಳೆದರೆ ಕಿತ್ತುಬರುತ್ತದೆ.

ಹಿಂದೆ ಇಷ್ಟನ್ನೂ ಮಾಡುತ್ತಿದ್ದವರು ಪಿಂಜಾರರು, ನದಾಫರು. ಬಿಲ್ಲಿನ ತಂತಿಯನ್ನು ಅರಳೆಯ ಮೇಲಿಟ್ಟು ಕೊಡತಿಯಿಂದ ಮೀಟುತ್ತಿದ್ದರು. ಬಯಲುಸೀಮೆಯ ಬೀದಿಗಳಲ್ಲಿ ಆ ನಾದ ಕೇಳಿ ಬೆಳೆದವರು ಇನ್ನೂ ಇದ್ದಾರೆ. ಅವರ ಕಸುಬು ಹಾಸಿಗೆ ಹೊಲಿಯುವುದಷ್ಟೇ ಎಂದು ಈಗಿನವರು ತಿಳಿದಿದ್ದಾರೆ. ಖಾದಿ ಚಳವಳಿಯೂ ಅವರ ಬಿಲ್ಲಿಗಾಗಿ ಕಾದಿತ್ತು. ಗಂಗಾಬೆನ್ ಮಜ್ಮುಂದಾರ್ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ರಾಟೆಗಳನ್ನು ಪತ್ತೆಹಚ್ಚಿದಾಗ ಗಾಂಧೀಜಿಗೆ ಎದುರಾದ ಮೊದಲ ತೊಡಕು ಹಂಜಿಯದೇ. ರಾಟೆ ಉಂಟು, ನೂಲುವವರು ಉಂಟು, ಹಂಜಿ ಇಲ್ಲ. ಉಮರ್ ಸೋಬಾನಿ ತಮ್ಮ ಗಿರಣಿಯಿಂದ ಕಳಿಸಿಕೊಟ್ಟರು. ಕೆಲವು ದಿನ ನಡೆಯಿತು. ಆಮೇಲೆ ಗಾಂಧೀಜಿಯ ಮನಸ್ಸು ಒಪ್ಪಲಿಲ್ಲ: ಗಿರಣಿಯ ಹಂಜಿ ಆಗುವುದಾದರೆ ಗಿರಣಿಯ ನೂಲು ಯಾಕಾಗಬಾರದು? ಗಂಗಾಬೆನ್ ಹಿಂಜುವವನೊಬ್ಬನನ್ನು ಹುಡುಕಿದರು. ತಿಂಗಳಿಗೆ 35 ರೂಪಾಯಿ ಕೇಳಿದ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕೊಟ್ಟರು. ಇವೆಲ್ಲ ಗಾಂಧೀಜಿಯ ಆತ್ಮಕಥೆಯಲ್ಲೇ ಇವೆ.

ಯಂತ್ರಗಳ ನಡುವೆ ನಡೆಯುವಾಗ ಆ ಪ್ರಶ್ನೆ ನನ್ನ ಬೆನ್ನ ಹಿಂದೆಯೇ ಬರುತ್ತಿತ್ತು. ಇಲ್ಲಿ ನಡೆಯುತ್ತಿರುವುದು ಗಿರಣಿಯ ಕೆಲಸವೇ ಅಲ್ಲವೇ?

ಡ್ರಾ ಫ್ರೇಮಿನಲ್ಲಿ ಆರೆಂಟು ಹಂಜಿಗಳನ್ನು ಜೊತೆಗೂಡಿಸಿ, ಅಷ್ಟೇ ಪಟ್ಟು ಎಳೆದು, ಮತ್ತೆ ಒಂದು ಮಾಡುತ್ತಾರೆ. ಒಂದರ ದಪ್ಪ ಇನ್ನೊಂದರ ತೆಳುವಿಗೆ ಸರಿಹೋಗುತ್ತದೆ, ಎಳೆಗಳು ಸಾಲಾಗಿ ಮಲಗುತ್ತವೆ. ಕೊನೆಗೆ ಸಿಂಪ್ಲೆಕ್ಸ್. ಇಲ್ಲಿ ಹಂಜಿಯನ್ನು ಇನ್ನೂ ಸಣ್ಣಗೆ ಎಳೆದು, ಹರಿಯದಿರಲು ಬೇಕಾದಷ್ಟು ಮಾತ್ರ ಹುರಿ ಕೊಟ್ಟು ಬಾಬಿನ್ನಿಗೆ ಸುತ್ತುತ್ತಾರೆ. ಇದೇ ರೋವಿಂಗ್. ಗಿರಣಿಯಾದರೆ ಇದರ ಪಕ್ಕದಲ್ಲೇ ರಿಂಗ್ ಫ್ರೇಮ್ ಇರುತ್ತಿತ್ತು, ಬಾಬಿನ್ನು ಅಲ್ಲಿಗೆ ಹೋಗಿ ನೂಲಾಗುತ್ತಿತ್ತು. ಇಲ್ಲಿ ಬಾಬಿನ್ನುಗಳು ಖಾದಿ ಸಂಘಗಳಿಗೆ ಹೊರಡುತ್ತವೆ. ನೂಲಿನ ಹುರಿ ಕೊಡುವ ಹಕ್ಕು ರಾಟೆಯ ಮುಂದೆ ಕೂತವಳದು. 1956ರ ಖಾದಿ ಕಾಯಿದೆ ಕೇಳುವುದೂ ಅದನ್ನೇ: ಕೈಯಲ್ಲಿ ನೂತ ನೂಲು, ಕೈಮಗ್ಗದ ನೇಯ್ಗೆ.

ರೋವಿಂಗ್‌ವರೆಗೆ ಯಂತ್ರ, ಆಮೇಲೆ ಕೈ ಎಂಬ ಈ ಗೆರೆಯನ್ನು ನಾನು ಒಪ್ಪುತ್ತೇನೆ. ಕಾರಣ ರಾಟೆಯ ಇತಿಹಾಸದಲ್ಲಿದೆ. 1929ರಲ್ಲಿ ಅಖಿಲ ಭಾರತ ಚರಕಾ ಸಂಘ ಉತ್ತಮ ರಾಟೆಗೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಗುಡಿಸಲಿನಲ್ಲಿ ಕೂತು ಒಬ್ಬ ಹೆಣ್ಣುಮಗಳು ಹೆಚ್ಚು ಆಯಾಸವಿಲ್ಲದೆ ನಡೆಸುವಂತಿರಬೇಕು, ನೂಲೂ ಹೆಚ್ಚಾಗಬೇಕು. ಆಗ ಅಂಥದ್ದು ಕೈಗೂಡಲಿಲ್ಲ. ಸ್ವಾತಂತ್ರ್ಯದ ನಂತರ ತಮಿಳುನಾಡಿನ ಏಕಾಂಬರನಾಥನ್ ಅಂಬರ್ ಚರಕ ಮಾಡಿದರು. ಒಂದು ಕದಿರಿನ ಜಾಗದಲ್ಲಿ ನಾಲ್ಕು ಬಂದವು, ಮುಂದೆ ಆರು, ಎಂಟು. ಬೆರಳಿಂದ ಎಳೆಯುವ ಕಾಲದಲ್ಲಿ ಹಂಜಿ ಉಬ್ಬುತಗ್ಗಾಗಿದ್ದರೆ ನೂಲುವವಳ ಬೆರಳೇ ಅದನ್ನು ತಿದ್ದುತ್ತಿತ್ತು. ಎಂಟು ಕದಿರಿಗೆ ಎಂಟು ಕೈ ಎಲ್ಲಿಂದ ತರುವುದು? ರೋವಿಂಗ್ ಒಂದೇ ಸಮ ಇದ್ದರಷ್ಟೇ ಆ ರಾಟೆ ನಡೆಯುತ್ತದೆ. ಗಾಂಧೀಜಿಯ ಪ್ರಶ್ನೆ ಇದರಿಂದ ಪೂರ್ತಿ ಕರಗುವುದಿಲ್ಲ. ಪಿಂಜಾರರ ಬಿಲ್ಲು ಗೋಡೆಗೆ ಒರಗಿದ್ದು ನಿಜವಾದ ನಷ್ಟ, ಅದನ್ನು ನಷ್ಟವೆಂದೇ ಹೇಳಬೇಕು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಪೊಂದೂರಿನಲ್ಲಿ ಇಂದಿಗೂ ವಾಲುಗ ಮೀನಿನ ದವಡೆಯಿಂದ ಅರಳೆ ಬಾಚಿ, ಒಂಟಿ ಕದಿರಿನ ರಾಟೆಯಲ್ಲಿ 100ನೇ ನಂಬರಿನ ನೂಲು ತೆಗೆಯುವವರಿದ್ದಾರೆ. ಅದು ನಮ್ಮ ದೇಶದ ದೊಡ್ಡ ಕಲೆ, ಉಳಿಯಲೇಬೇಕು. ಆದರೆ ದಿನದ ಕೂಲಿ ನಂಬಿ ರಾಟೆಗೆ ಬರುವ ಎಲ್ಲ ಹೆಂಗಸರನ್ನೂ ಆ ದಾರಿಗೆ ಕರೆಯುವುದು ನ್ಯಾಯವಲ್ಲ.

ಕೂಲಿಯ ಲೆಕ್ಕ ಹೀಗಿದೆ. ಸಾವಿರ ಮೀಟರ್ ನೂಲು ಒಂದು ಲಡಿ. 2025ರ ಏಪ್ರಿಲ್ 1ರಿಂದ ಒಂದು ಲಡಿಗೆ 15 ರೂಪಾಯಿ, ಅದಕ್ಕೆ ಮೊದಲು 12 ರೂಪಾಯಿ 50 ಪೈಸೆ. ಗಂಟೆಯ ಲೆಕ್ಕವಿಲ್ಲ, ಲಡಿಯ ಲೆಕ್ಕ. ರೋವಿಂಗ್‌ನಲ್ಲಿ ಒಂದು ಗಂಟು ಉಳಿದರೆ ಕದಿರಿನ ಬಳಿ ಎಳೆ ಹರಿಯುತ್ತದೆ. ರಾಟೆ ನಿಲ್ಲಿಸಬೇಕು, ತುದಿ ಹುಡುಕಬೇಕು, ಜೋಡಿಸಬೇಕು. ಆ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಹೀಗೆ ದಿನಕ್ಕೆ ಹತ್ತಾರು ಸಲ ಆದರೆ ಸಂಜೆಗೆ ಲಡಿಗಳು ಕಡಿಮೆಯಾಗುತ್ತವೆ. ಗಿರಣಿಗೆ ಹಂಜಿಯ ದೋಷ ಲೆಕ್ಕಪುಸ್ತಕದ ಒಂದು ಸಾಲು, ನೂಲುವವಳಿಗೆ ಅದು ಮನೆಯ ಸಾರಿನ ಬೇಳೆ. ಈ ಘಟಕದಲ್ಲಿ ಹಂಜಿಯ ತುಂಡುಗಳನ್ನು ಅಳೆದು ತೂಗಿ ನೋಡುವ ಪರೀಕ್ಷೆಯನ್ನು ನಾನು ಗುಣಮಟ್ಟದ ಕೆಲಸ ಎಂದಷ್ಟೇ ಕರೆಯಲಾರೆ. ಅಲ್ಲಿ ತೂಗುತ್ತಿರುವುದು ಎಲ್ಲೋ ಒಂದು ಹಳ್ಳಿಯ ಹೆಂಗಸಿನ ನಾಳಿನ ಸಂಪಾದನೆಯನ್ನು.

ರಾಜ್ಯದ ಖಾದಿ ನಕ್ಷೆ ದೊಡ್ಡದು. 1927ರಲ್ಲಿ ಗಾಂಧೀಜಿ ನೋಡಿಹೋದ ಬದನವಾಳು, ರಾಷ್ಟ್ರಧ್ವಜದ ಬಟ್ಟೆ ನೇಯುವ ಧಾರವಾಡ ಜಿಲ್ಲೆಯ ಗರಗ, ಧ್ವಜ ಹೊಲಿಯುವ ಹುಬ್ಬಳ್ಳಿಯ ಬೆಂಗೇರಿ ಎಲ್ಲರ ಬಾಯಲ್ಲಿವೆ. ಆಗಸ್ಟ್ ಬಂತೆಂದರೆ ಬೆಂಗೇರಿಯ ಚಿತ್ರಗಳು ಪತ್ರಿಕೆಗಳಲ್ಲಿ ತಪ್ಪದೆ ಬರುತ್ತವೆ. ಚಿತ್ರದುರ್ಗದ ಹಂಜಿಯ ಹೆಸರು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಬಟ್ಟೆಯ ಮೇಲೆ ನೇಕಾರನ ಗುರುತಾದರೂ ಇರುತ್ತದೆ, ಹಂಜಿಗೆ ಯಾವ ಗುರುತೂ ಇಲ್ಲ.

ಓದುಗರಲ್ಲಿ ಒಂದೇ ಕೋರಿಕೆ. ಖಾದಿ ಎಂದು ಹೇಳಿ ಗಿರಣಿ ನೂಲಿನ ಬಟ್ಟೆ ಮಾರುವವರು ಇದ್ದಾರೆ. ಕೊಳ್ಳುವ ಮುಂಚೆ 2013ರ ನಿಯಮದಂತೆ ಬಂದ ಖಾದಿ ಮಾರ್ಕ್ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ, ಉತ್ತರ ಸರಿಯೆನಿಸದಿದ್ದರೆ ಕೊಳ್ಳಬೇಡಿ. ಆ ಚೀಟಿ ಇರುವ ಬಟ್ಟೆಯ ಹಣದಲ್ಲಿ ಮಾತ್ರ ಲಡಿಗೆ 15 ರೂಪಾಯಿ ನೂತವಳ ಕೈ ಸೇರುತ್ತದೆ.