ಬೇರಿಲ್ಲದ ಗಿಡ ಕಲಿಸುವ ಪಾಠ: ಮೆಣಸಿನಕಾಯಿಗೆ ವ್ಯಾಮ್ ಹಾಕಬೇಕಾದ್ದು ಮಡಿಯಲ್ಲೇ

ಐರಣಿ ಕಡೆ ತುಂಗಭದ್ರೆಯ ದಂಡೆಯಲ್ಲಿ, ಮಳೆಗಾಲದಾಗ ನೆರಳಿರುವ ಹಸಿ ಮಣ್ಣನ್ನು ಬಗ್ಗಿ ನೋಡಿ. ಹಾವಸೆಯ ಜೊತೆ, ನೆಲಕ್ಕೆ ಅಂಟಿಕೊಂಡ ಚಪ್ಪಟೆ ಹಸಿರು ಗಿಡವೂ ಕಾಣಬಹುದು. ಅದು ಲಿವರ್‌ವರ್ಟ್. ಅದಕ್ಕೆ ಬೇರೇ ಇಲ್ಲ, ಕೂದಲಿನಂಥ ಎಳೆಗಳಷ್ಟೇ.

‘ಹಂಗಾದ್ರ ಗೊಬ್ಬರದ ಅಂಶ ಹೆಂಗ ತಗೋತದ?’ ಅಂತೀರಾ? ಹಲವು ಜಾತಿಯ ಲಿವರ್‌ವರ್ಟ್‌ಗಳಲ್ಲಿ ಮಣ್ಣಿನ ಶಿಲೀಂಧ್ರ ಗಿಡದೊಳಗೆ ಸೇರಿ ರಂಜಕ ತಂದುಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡು-ಕೊಳ್ಳುವಿಕೆ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿಯಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಿಂದಿನ ಬೇರಿಲ್ಲದ ಸಸ್ಯಗಳ ಪಳೆಯುಳಿಕೆಯಲ್ಲೂ ಇಂಥ ಶಿಲೀಂಧ್ರ ಕಂಡಿದೆ.

ನಮ್ಮ ಮೆಣಸಿನಕಾಯಿ, ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿಗಳ ಬೇರಿನಲ್ಲೂ ಇದೇ ವ್ಯವಹಾರ ನಡೆದಿದೆ. ಅಂಗಡಿಯಲ್ಲಿ ವ್ಯಾಮ್ ಅಥವಾ ಮೈಕೋರೈಝಾ ಅಂತ ಮಾರುವುದು ಇದೇ ಬಗೆಯ ಶಿಲೀಂಧ್ರ. ಎರೆ ಭೂಮಿಯಲ್ಲಿ ರಂಜಕ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ, ಹಾಕಿದ್ದೆಲ್ಲ ಗಿಡಕ್ಕೆ ಸಿಗುವುದಿಲ್ಲ. ಬೇರು ಮುಟ್ಟದ ಜಾಗಕ್ಕೂ ಶಿಲೀಂಧ್ರದ ಎಳೆ ಹೋಗಿ ರಂಜಕ ಹೀರಿ ತರುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ಡಿ.ಜೆ. ಭಾಗ್ಯರಾಜ್ ಮತ್ತು ಶ್ರೀರಾಮುಲು 1982ರಲ್ಲೇ ಇದನ್ನು ಮೆಣಸಿನಕಾಯಿಯಲ್ಲಿ ತೋರಿಸಿದರು. ಸಸಿಗೆ ಮೊದಲೇ ಶಿಲೀಂಧ್ರ ಕೊಟ್ಟು ಹೊಲಕ್ಕೆ ನಾಟಿ ಮಾಡಿದಾಗ ಬೆಳವಣಿಗೆ, ಇಳುವರಿ ಹೆಚ್ಚಿತು, ರಂಜಕದ ಗೊಬ್ಬರವೂ ಉಳಿಯಿತು. 1986ರಲ್ಲಿ ಎರೆ ಮಣ್ಣಿನ ಪ್ರಯೋಗವನ್ನೂ ಅವರು ಪ್ರಕಟಿಸಿದರು.

ಹಾಗಾದರೆ ನೀವು ಮಾಡಬೇಕಾದ್ದೇನು?

• ಮಡಿಯಲ್ಲೇ ಹಾಕಿ: ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯುವುದಿಲ್ಲ. ಹೊಲದ ಮೇಲೆ ಎರಚಿದರೆ ದುಡ್ಡು ದಂಡ. ಬೀಜದ ಸ್ವಲ್ಪ ಕೆಳಗೆ, ಬೇರು ತಾಗುವಂತೆ ಹಾಕಿ. ಪ್ರಮಾಣ ಪೊಟ್ಟಣದ ಮೇಲಿದ್ದಂತೆ. ಅವಧಿ ಮುಗಿದ ದಿನಾಂಕ ನೋಡಿ, ನೆರಳಲ್ಲಿಡಿ.

• ಡಿಎಪಿ ಅತಿಯಾಗದಿರಲಿ: ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಹಂಗಂತ ಒಮ್ಮೆಲೇ ನಿಲ್ಲಿಸಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಕಡಿಮೆ ಮಾಡಿ.

• ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ: ರೋಗದ ಶಿಲೀಂಧ್ರದ ಜೊತೆ ಉಪಕಾರಿಯೂ ಸಾಯಬಹುದು.

• ಕೋಸು, ಮೂಲಂಗಿ, ಸಾಸಿವೆಗೆ ಕೊಳ್ಳಬೇಡಿ: ಇವುಗಳ ಬೇರು ಈ ಶಿಲೀಂಧ್ರವನ್ನು ಸೇರಿಸಿಕೊಳ್ಳುವುದಿಲ್ಲ.

ಒಂದು ಮಾತು ನೆನಪಿರಲಿ. ವ್ಯಾಮ್ ಹೊಸ ರಂಜಕ ಹುಟ್ಟಿಸುವುದಿಲ್ಲ, ಗಾಳಿಯ ಸಾರಜನಕವನ್ನೂ ಹಿಡಿದುಕೊಡುವುದಿಲ್ಲ. ನೆಲದಲ್ಲಿ ಇದ್ದದ್ದನ್ನು ತಂದುಕೊಡುತ್ತದೆ ಅಷ್ಟೇ. ಈ ಸಲ ಒಂದೇ ಮಡಿಗೆ ಹಾಕಿ, ಪಕ್ಕದ ಮಡಿ ಹಾಗೇ ಬಿಡಿ. ನಾಟಿ ಮಾಡುವಾಗ ಎರಡೂ ಕಡೆಯ ಅಗಿ ಕಿತ್ತು ಬೇರು ಹೋಲಿಸಿ, ಫೋಟೊ ತೆಗೆದಿಡಿ. ಸಂಶಯ ಇದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಮುಂದಿನ ವರ್ಷ ಎಷ್ಟು ಕೊಳ್ಳಬೇಕು ಅನ್ನೋದನ್ನ ನಿಮ್ಮ ಹೊಲವೇ ಹೇಳ್ತದ.